ಅಣು ಸ್ಥಾವರದ ಪರವಾನಗಿ ನವೀಕರಣ: ಪರಿಸರ ವರದಿಗೆ ಪುರಾವೆ ಮೊದಲು, ಬರವಣಿಗೆ ಕೊನೆಗೆ

ಅಣು ಸ್ಥಾವರದ ಪರವಾನಗಿ ನವೀಕರಣಕ್ಕೆ ಅಮೆರಿಕದ ಅಣು ನಿಯಂತ್ರಣ ಆಯೋಗಕ್ಕೆ (ಎನ್‌ಆರ್‌ಸಿ) ಸಲ್ಲಿಸುವ ಪರಿಸರ ವರದಿಯನ್ನು ಎಲ್ಲರೂ ಒಂದನೇ ಅಧ್ಯಾಯದಿಂದ ಬರೆಯುತ್ತಾ ಹೋಗುತ್ತಾರೆ. ನಾನು ಒಂದು ಸಾಲನ್ನೂ ಬರೆಯದೆ ಮೊದಲು ಪುರಾವೆಯ ಕಡತ ಕಟ್ಟಿದೆ. ಹೀಗಾದರೆ ಅರ್ಜಿ ಗಡುವಿಗೆ ಮುಟ್ಟುವುದಿಲ್ಲ ಅಂದವರೇ ಹೆಚ್ಚು. ಅರ್ಜಿ ಗಡುವಿಗೆ ಮೊದಲೇ ಹೋಯಿತು. ಎನ್‌ಆರ್‌ಸಿಯ ಹೆಚ್ಚುವರಿ ಮಾಹಿತಿ ಪ್ರಶ್ನೆಗಳು ಹಿಂದಿನ ಯೋಜನೆಗೆ ಹೋಲಿಸಿದರೆ ಮೂರನೇ ಒಂದು ಭಾಗಕ್ಕೆ ಇಳಿದವು. ಅವರ ಪರಿಶೀಲನೆಯ ಪ್ರತಿ ಗಂಟೆಗೂ ಅರ್ಜಿದಾರರೇ ಸುಮಾರು 300 ಡಾಲರ್ ಕಟ್ಟಬೇಕು. ಅವರ ಗಂಟೆ, ನಮ್ಮ ಗಂಟೆ, ವಕೀಲರ ಗಂಟೆ ಸೇರಿದರೆ ಒಂದು ಪ್ರಶ್ನೆಗೆ ನನ್ನ ಅಂದಾಜಿನಲ್ಲಿ 15ರಿಂದ 20 ಸಾವಿರ ಡಾಲರ್ ಹೋಗುತ್ತದೆ.

ಕಡತ ಅಂದರೆ ಒಂದು ಕೋಷ್ಟಕ, ಅಷ್ಟೇ. ಎರಡನೇ ವರ್ಗದ, ಅಂದರೆ ಸ್ಥಾವರವಾರು ಉತ್ತರಿಸಲೇಬೇಕಾದ, ಪ್ರತಿ ವಿಷಯಕ್ಕೂ ಸಾಲುಗಳು, ಪ್ರತಿ ಸಾಲಿಗೂ ಐದು ಕಾಲಮ್‌ಗಳು: ವರದಿಯಲ್ಲಿ ಬರಲಿರುವ ಹೇಳಿಕೆ, ಅದರ ಅಂಕಿ, ಮೂಲ ದತ್ತಾಂಶ ಇರುವ ಫೈಲು, ಅಳೆದ ದಿನಾಂಕ, ಆಡಿಟ್‌ನಲ್ಲಿ ಉತ್ತರ ಕೊಡುವ ಒಬ್ಬ ವ್ಯಕ್ತಿ. ಐದರಲ್ಲಿ ಒಂದು ಖಾಲಿಯಿದ್ದರೂ ಆ ಹೇಳಿಕೆ ವರದಿಗೆ ಹೋಗುವುದಿಲ್ಲ.

ಮೊದಲನೇ ವರ್ಗದ, ಅಂದರೆ ಎಲ್ಲ ಸ್ಥಾವರಗಳಿಗೂ ಒಟ್ಟಾಗಿ ಉತ್ತರ ಈಗಾಗಲೇ ಇರುವ, ವಿಷಯಗಳಲ್ಲಿ ಹೆಚ್ಚಿನವರು 'ಹೊಸ ಹಾಗೂ ಮಹತ್ವದ ಮಾಹಿತಿ ಕಂಡುಬಂದಿಲ್ಲ' ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಎಲ್ಲಿ ಹುಡುಕಿದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೀರು ಹೊರಬಿಡುವ ಪರವಾನಗಿಯ ಮಿತಿ ಮೀರಿದ ವರದಿಗಳು, ಸೋರಿಕೆ ದಾಖಲೆಗಳು, ರಾಜ್ಯ ಇಲಾಖೆಯ ಜೊತೆಗಿನ ಪತ್ರಗಳು, ಈ ಮೂರನ್ನೂ ಕನಿಷ್ಠ ಐದು ವರ್ಷ ಹಿಂದಕ್ಕೆ ಹೋಗಿ ನೋಡಬೇಕು. ಅಂತರ್ಜಲಕ್ಕೆ ಸೇರುವ ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್, 2013ರಿಂದ ಎರಡನೇ ವರ್ಗದಲ್ಲೇ ಇದೆ. ಅಲ್ಲಿ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 20,000 ಪಿಕೊಕ್ಯೂರಿಗಿಂತ ಕಡಿಮೆ ಎಂದರೆ ಸಾಲದು. ಬಾವಿವಾರು ಏರಿಳಿತದ ನಕ್ಷೆ ಮತ್ತು ನೀರು ಹರಿಯುವ ದಿಕ್ಕು ಎರಡೂ ಬೇಕು.

ಹಳೆಯ ವರದಿಯ ವಾಕ್ಯಗಳನ್ನು ನಕಲು ಮಾಡುವ ದಾರಿಯೂ ಈಗ ಮುಚ್ಚಿದೆ. ಸ್ಥಾವರದ ಆಯುಷ್ಯವನ್ನು 60ರಿಂದ 80 ವರ್ಷಕ್ಕೆ ಒಯ್ಯುವ ಎರಡನೇ ನವೀಕರಣವನ್ನು ಎಲ್ಲ ಸ್ಥಾವರಗಳಿಗೂ ಒಟ್ಟಾಗಿ ಎನ್‌ಆರ್‌ಸಿ ಬರೆದ 2013ರ ಸಾಮಾನ್ಯ ಪರಿಸರ ಹೇಳಿಕೆ ಒಳಗೊಂಡಿಲ್ಲ ಎಂದು ಆಯೋಗ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಫ್ಲಾರಿಡಾದ ಟರ್ಕಿ ಪಾಯಿಂಟ್ ಅಣು ಸ್ಥಾವರಕ್ಕೆ 2019ರಲ್ಲೇ ಸಿಕ್ಕಿದ್ದ ನವೀಕರಣಕ್ಕೂ ಅದರ ಬಿಸಿ ತಟ್ಟಿತು. ಆ ಹೇಳಿಕೆಯ 2024ರ ಪರಿಷ್ಕರಣೆ ಬಂದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮಕ್ಕೂ ಸ್ಥಾವರವಾರು ಉತ್ತರ ಬೇಕು.

ಹೆಚ್ಚು ಹಣ ನುಂಗುವುದು ಒಳಹರಿವು, ಅಂದರೆ ಸ್ಥಾವರವನ್ನು ತಂಪಾಗಿಸಲು ಹೊರಗಿನಿಂದ ಎಳೆಯುವ ನೀರು. ಮೀನುಗಳನ್ನು ಕಾಪಾಡಲು ನಿಯಮ ಕೊಡುವ ಆಯ್ಕೆಗಳಲ್ಲಿ, ನೀರೆಳೆಯುವ ಬಾಯಿಯ ಜರಡಿಯ ಮೂಲಕ ನೀರಿನ ವೇಗ ಸೆಕೆಂಡಿಗೆ 0.5 ಅಡಿ ಮೀರಬಾರದು ಎಂಬ ಆಯ್ಕೆಯನ್ನು ಹಿಡಿದವರೆಲ್ಲ ಸ್ವಚ್ಛ ಜರಡಿ, ಸಾಮಾನ್ಯ ನೀರಿನ ಮಟ್ಟ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ನಿಯಮ ಕೇಳುವುದು ಅತಿ ಕಡಿಮೆ ನೀರಿನ ಮಟ್ಟ ಮತ್ತು ಕಸ ಕಟ್ಟಿದ ಜರಡಿಯ ಲೆಕ್ಕ. ನೀರು 20 ಅಡಿ ಇದ್ದಾಗ 0.40 ಬಂದ ವೇಗ, ಹರಿವು ಅಷ್ಟೇ ಇದ್ದು ನೀರು 15 ಅಡಿಗೆ ಇಳಿದರೆ 0.53 ಆಗುತ್ತದೆ. ಕಸ ಸೇರುವ ಮೊದಲೇ ಮಿತಿ ದಾಟಿತು! ಈ ಲೆಕ್ಕವನ್ನು ಮೊದಲ ವಾರದಲ್ಲೇ ಮಾಡಿ, ಸೋತರೆ ಬೇರೆ ಆಯ್ಕೆಗೆ ಹೋಗಬೇಕು.

ದಿನಕ್ಕೆ 12.5 ಕೋಟಿ ಗ್ಯಾಲನ್‌ಗಿಂತ ಹೆಚ್ಚು ನೀರೆಳೆಯುವ ಸ್ಥಾವರಕ್ಕೆ ಮೀನಿನ ಮೊಟ್ಟೆ, ಮರಿಗಳ ಅಧ್ಯಯನವೂ ಬೇಕು. 335 ಮೈಕ್ರಾನ್ ಬಲೆಗೆ ಪಂಪಿನಿಂದ ನೀರು ಬಿಟ್ಟು, ಒಂದು ಮಾದರಿಗೆ 100 ಘನ ಮೀಟರಿನಷ್ಟು ಸೋಸುತ್ತೇವೆ. ಪಾಚಿ ಕಟ್ಟಿದರೆ ನೀರು ಬಲೆಯ ಅಂಚಿನಿಂದ ಹೊರಚೆಲ್ಲುತ್ತದೆ, ಮೀಟರ್ ಮಾತ್ರ ಎಲ್ಲವನ್ನೂ ಎಣಿಸುತ್ತದೆ. ಸಾಂದ್ರತೆ ಸುಳ್ಳಾಗುವುದು ಇಲ್ಲೇ. ರಾತ್ರಿಯ ಮಾದರಿ ಬಿಟ್ಟರೆ ಮರಿಗಳ ಸಂಖ್ಯೆ ತೀರಾ ಕಡಿಮೆ ತೋರಿಸುತ್ತದೆ. ದೋಣಿ, ಸಿಬ್ಬಂದಿಗಿಂತ ಪ್ರಯೋಗಾಲಯದಲ್ಲಿ ಮರಿಗಳ ಜಾತಿ ಗುರುತಿಸುವುದಕ್ಕೇ ಬಜೆಟ್ಟಿನ ಅರ್ಧದ ಹತ್ತಿರ ಹೋಯಿತು.

ನಡುವೆ ಒಂದು ಪ್ರಯೋಗ ಮಾಡಿದೆ: ಮುಳುಗುಗಾರರ ಬದಲು ನೀರಿನಲ್ಲಿರುವ ಡಿಎನ್‌ಎಯಿಂದ ಸಿಹಿನೀರಿನ ಚಿಪ್ಪುಜೀವಿಗಳ ಪತ್ತೆ. ಅಗ್ಗ, ಆದರೆ ಡಿಎನ್‌ಎ ಹೊಳೆಯ ಮೇಲ್ಭಾಗದಿಂದ ತೇಲಿ ಬಂದದ್ದೋ ಅಲ್ಲಿಯದೋ ತಿಳಿಯುವುದಿಲ್ಲ, ಎಷ್ಟಿವೆ ಎಂಬುದೂ ತಿಳಿಯುವುದಿಲ್ಲ. ಮುಳುಗುಗಾರರನ್ನು ಎಲ್ಲಿ ಇಳಿಸಬೇಕು ಎಂದು ಆರಿಸುವುದಕ್ಕೆ ಮಾತ್ರ ಒಳ್ಳೆಯದು. ಸ್ಥಾವರ ಹೊರಬಿಡುವ ಬಿಸಿನೀರು ಎಲ್ಲಿಯವರೆಗೆ ಹರಡುತ್ತದೆ ಎಂದು ಅಳೆಯುವ ಲಾಗರ್‌ಗಳನ್ನು, ಅಂದರೆ ತಾಪಮಾನ ದಾಖಲಿಸುವ ಸಾಧನಗಳನ್ನು, ತೂತು ಕೊರೆದ ಬಿಳಿ ಪಿವಿಸಿ ಕೊಳವೆಯಲ್ಲಿಡಿ. ಬಿಸಿಲು ನೇರ ಬಿದ್ದರೆ ಮೇಲ್ಮೈಯ ಲಾಗರ್ ಇಲ್ಲದ ಬಿಸಿಯನ್ನು ತೋರಿಸುತ್ತದೆ.

ವಿದ್ಯುತ್ ಮಾರ್ಗದ ಆಘಾತದ ಲೆಕ್ಕ ಸುಲಭ: ತಂತಿಯಡಿ ನಿಲ್ಲಬಹುದಾದ ಅತಿ ದೊಡ್ಡ ವಾಹನವನ್ನು ಮುಟ್ಟಿದಾಗ ಹರಿಯುವ ವಿದ್ಯುತ್ತಿಗೆ 5 ಮಿಲಿಆಂಪಿಯರ್ ಮಿತಿ. ಆದರೆ ತಂತಿಯಡಿ ಮಣ್ಣು ತುಂಬಿಸಿ ಪಾರ್ಕಿಂಗ್ ಮಾಡಿದ್ದರೆ ಹಳೆಯ ಲೆಕ್ಕ ಕೆಲಸಕ್ಕೆ ಬಾರದು, ನೆಲದ ಎತ್ತರ ಮತ್ತೆ ಅಳೆಸಿ.

ಶುದ್ಧ ನೀರಿನ ಕಾಯ್ದೆಯ 401ನೇ ಸೆಕ್ಷನ್ನಿನಡಿ ರಾಜ್ಯ ಕೊಡುವ ನೀರಿನ ಪ್ರಮಾಣಪತ್ರ ಅಥವಾ ಆ ಹಕ್ಕನ್ನು ರಾಜ್ಯ ಬಿಟ್ಟುಕೊಟ್ಟ ದಾಖಲೆ ಇಲ್ಲದೆ ಎನ್‌ಆರ್‌ಸಿ ನವೀಕರಿಸುವಂತಿಲ್ಲ. ರಾಜ್ಯಕ್ಕೆ ಗರಿಷ್ಠ ಒಂದು ವರ್ಷ ಸಮಯವಿದೆ, ಅಷ್ಟನ್ನೂ ಬಳಸಿಕೊಳ್ಳುತ್ತಾರೆ ಎಂದೇ ಎಣಿಸಿ. ಒಳಹರಿವಿನ ಲೆಕ್ಕ ಮುಗಿದ ದಿನವೇ ಆ ಇಲಾಖೆಯ ಜೊತೆ ಪೂರ್ವಸಭೆಗೆ ಪತ್ರ ಬರೆಯುವುದು ನನ್ನ ಕ್ರಮ.