ಜರ್ಮನಿ ಅಂಗಡಿಯ ಸ್ಯಾಕ್ಸೋಫೋನಿಗೆ ಕ್ರೆಡಿಟ್ ಕಾರ್ಡಲ್ಲಿ ದುಡ್ಡು ಕಟ್ಟೋದು ಹೇಗೆ

ನನ್ ತಂಗಿ ಮಗ ಪುತ್ತೂರಲ್ಲಿದಾನೆ, ಸ್ಯಾಕ್ಸೋಫೋನ್ ಕಲಿಯೋಕೆ ಶುರು ಮಾಡಿ ಆರು ವರ್ಷ ಆಯ್ತು. ಸ್ಯಾಕ್ಸೋಫೋನ್ ವಿದ್ವಾಂಸರು ಕದ್ರಿ ಗೋಪಾಲನಾಥರು ಹುಟ್ಟಿದ ಜಿಲ್ಲೆ ಅದು, ಆ ಕಡೆ ಜಾತ್ರೆ, ಮದುವೆ ಎಲ್ಲಿಗೆ ಹೋದ್ರೂ ಸ್ಯಾಕ್ಸೋಫೋನ್ ಕಿವಿಗೆ ಬಿದ್ದೇ ಬೀಳುತ್ತೆ. ಇವನಿಗೆ ಬೇಕಾಗಿದ್ದ ಆಲ್ಟೋ (ಸ್ಯಾಕ್ಸೋಫೋನಲ್ಲೇ ಒಂದು ಬಗೆ) ಮಾಡೆಲ್ ನಾವು ವಿಚಾರಿಸಿದ ಅಂಗಡಿಗಳಲ್ಲಿ ಇರ್ಲಿಲ್ಲ, ಜರ್ಮನಿಯ ಒಂದು ಅಂಗಡೀಲಿ ಇತ್ತು, ದೊಡ್ಡ ಲಿಮಿಟ್ ಇರೋ ಕಾರ್ಡ್ ಮನೇಲಿ ನಂದೊಂದೇ, ಅಲ್ಲಿಗೆ ಕೆಲಸ ನನ್ ತಲೆಗೆ ಬಿತ್ತು. ನೀವು ತರಿಸೋದು ಕ್ಯಾಮೆರಾ ಲೆನ್ಸೋ ಟೆಲಿಸ್ಕೋಪೋ ಏನೇ ಆಗಿರ್ಲಿ, ದುಡ್ಡು ಕಟ್ಟೋ ದಾರಿ ಹೆಚ್ಚುಕಮ್ಮಿ ಇದೇ. (ಡ್ರೋನ್ ಮಾತ್ರ ಬೇಡ, 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ತರಿಸೋದಕ್ಕೆ ನಿಷೇಧ ಇದೆ, ದುಡ್ಡೂ ಹೋಗುತ್ತೆ ಮಾಲೂ ಹೋಗುತ್ತೆ.)

ಮೊದ್ಲು ಬೆಲೆ. ಸೈಟ್ ತೆಗೆದ ತಕ್ಷಣ ಕಾಣೋ ಬೆಲೇಲಿ ಜರ್ಮನಿಯ 19% ವ್ಯಾಟ್ (ನಮ್ ಜಿಎಸ್‌ಟಿ ಥರದ ತೆರಿಗೆ) ಸೇರಿರುತ್ತೆ. ಡೆಲಿವರಿ ದೇಶ ಅನ್ನೋ ಕಡೆ ಇಂಡಿಯಾ ಅಂತ ಆರಿಸಿದ್ರೆ, ರಫ್ತು ಮಾಡೋ ಅಂಗಡಿ ಆದ್ರೆ ಅದನ್ನ ಕಳೆದು ತೋರಿಸುತ್ತೆ, ಅಂದ್ರೆ 2,380 ಯೂರೋ ಇದ್ದದ್ದು 2,000 ಆಗುತ್ತೆ. ಹಾಗೆ ಕಮ್ಮಿ ಆಗ್ಲಿಲ್ಲ ಅಂದ್ರೆ ಆರ್ಡರ್ ಮಾಡೋ ಮುಂಚೆ ಒಂದು ಮೇಲ್ ಹಾಕಿ ಕೇಳಿ, ಸುಮ್ನೆ ಎರಡು ದೇಶಕ್ಕೆ ಟ್ಯಾಕ್ಸ್ ಕಟ್ಟೋದು ಯಾಕೆ. ಲೆಕ್ಕ ಸುಲಭ ಆಗ್ಲಿ ಅಂತ ಇಲ್ಲಿ 2,000 ಯೂರೋ, ಯೂರೋಗೆ 100 ರೂಪಾಯಿ ಅಂತ ಹಿಡೀತೀನಿ, ಅಲ್ಲಿಗೆ 2 ಲಕ್ಷ.

ಈಗ ಕಾರ್ಡು. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಬರುವಾಗ್ಲೇ ಆಫ್ ಆಗಿರುತ್ತೆ, ನಾವೇ ಬ್ಯಾಂಕ್ ಆ್ಯಪ್ ಒಳಗೆ ಹೋಗಿ ಆನ್ ಮಾಡ್ಕೋಬೇಕು. ಅಲ್ಲಿ ಇಂಟರ್‌ನ್ಯಾಷನಲ್ ಅನ್ನೋದೊಂದು ಸ್ವಿಚ್ಚು, ಅದರೊಳಗೆ ಆನ್‌ಲೈನ್ ಅನ್ನೋದು ಇನ್ನೊಂದು, ಅದರ ಪಕ್ಕ ಲಿಮಿಟ್ ಬೇರೆ ಇರುತ್ತೆ. ಜನ ಸ್ವಿಚ್ ಆನ್ ಮಾಡ್ತಾರೆ, ಪಕ್ಕದ ಲಿಮಿಟ್ 25 ಸಾವಿರದಲ್ಲೇ ನಿಂತಿರೋದನ್ನ ನೋಡಲ್ಲ, ಆಮೇಲೆ ಡಿಕ್ಲೈನ್ ಆಯ್ತು ಅಂತ ಅಂಗಡಿಯವನನ್ನ ಬೈತಾರೆ. ಬೆಲೆ, ಸಾಗಾಣಿಕೆ ಖರ್ಚು ಎರಡೂ ಸೇರಿಸಿ ಅದರ ಮೇಲೆ ಒಂದು ಹತ್ತು ಪರ್ಸೆಂಟ್ ಜಾಸ್ತಿ ಇಡಿ.

ನಾನು ಎಡವಿದ್ದು ಇದರಲ್ಲಲ್ಲ, ಅಡ್ರೆಸ್‌ನಲ್ಲಿ. ಬಿಲ್ಲಿಂಗ್ ಅಡ್ರೆಸ್ ಬೆಂಗಳೂರಿನ ನಮ್ಮನೆ, ಡೆಲಿವರಿ ಅಡ್ರೆಸ್ ಪುತ್ತೂರು ಅಂತ ಕೊಟ್ಟೆ, ರಾತ್ರಿ ಹನ್ನೊಂದು ಗಂಟೆ, ಓಟಿಪಿ ಬಂತು, ಹಾಕ್ದೆ, ದುಡ್ಡು ಹೋಯ್ತು ಅಂತ ಮೆಸೇಜೂ ಬಂತು. ಹುಡುಗನಿಗೆ ಫೋನ್ ಮಾಡಿ ಹೇಳಿಯೂ ಆಯ್ತು. ಬೆಳಿಗ್ಗೆ ನೋಡಿದ್ರೆ ಅಂಗಡಿಯಿಂದ ಮೇಲು, ಎರಡು ಅಡ್ರೆಸ್ ಬೇರೆ ಬೇರೆ ಇದೆ, ಭದ್ರತೆ ದೃಷ್ಟಿಯಿಂದ ಆರ್ಡರ್ ಕ್ಯಾನ್ಸಲ್ ಮಾಡಿದೀವಿ ಅಂತ. ಸರಿ ಅಂತ ಎರಡೂ ಕಡೆ ಬೆಂಗಳೂರಿನ ಅಡ್ರೆಸ್ಸೇ ಹಾಕಿ ಮತ್ತೆ ಕೊಟ್ಟೆ, ಲಿಮಿಟ್ ಸಾಲದು ಅಂತ ಬಂತು. ನನ್ ಲಿಮಿಟ್ ಎರಡೂವರೆ ಲಕ್ಷ, ಮೊದಲನೇ ಆರ್ಡರಿನ ಎರಡು ಲಕ್ಷ ಇನ್ನೂ ಹೋಲ್ಡಲ್ಲೇ ಕೂತಿದೆ! ಅದು ತಿಳೀದೆ ಇನ್ನೊಂದು ಸಲ ಒತ್ತಿದ್ದಕ್ಕೆ ಬ್ಯಾಂಕ್‌ನೋರು ಯಾರೋ ಕಳ್ಳ ಅಂದ್ಕೊಂಡು ಕಾರ್ಡನ್ನೇ ಬ್ಲಾಕ್ ಮಾಡಿದ್ರು.

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ನೀವು ಪೇ ಅಂತ ಒತ್ತಿದಾಗ ದುಡ್ಡು ಅಂಗಡಿಗೆ ಹೋಗಲ್ಲ, ನಿಮ್ ಲಿಮಿಟ್‌ನಲ್ಲಿ ಅಷ್ಟು ಮೊತ್ತ ಕಟ್ಟಿಹಾಕಿ ಇಡ್ತಾರೆ ಅಷ್ಟೇ, ಎಷ್ಟೋ ಅಂಗಡಿಗಳು ಮಾಲು ಕಳಿಸೋ ದಿನ ಅದನ್ನ ಎಳ್ಕೊಳ್ತಾರೆ. ಆರ್ಡರ್ ಕ್ಯಾನ್ಸಲ್ ಆದ್ರೆ ಅಂಗಡಿಯವರು ಅದನ್ನ ಬಿಡಬೇಕು, ಅವರು ಬಿಡ್ಲಿಲ್ಲ ಅಂದ್ರೆ ಅದಾಗೇ ಉದುರೋ ತನಕ ಕಾಯ್ಬೇಕು. ನಂಗೆ ಎಂಟು ದಿನ ಹಿಡೀತು, ಅದೂ ಅಂಗಡಿಗೆ ಎರಡು ಮೇಲ್ ಹಾಕಿದ್ಮೇಲೆ. ಹಾಗಾಗಿ ಒಂದು ಸಲ ಡಿಕ್ಲೈನ್ ಆದ್ರೆ ಮತ್ತೆ ಮತ್ತೆ ಒತ್ತಬೇಡಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಯಾಕೆ ಅಂತ ಕೇಳಿ. ಅದಕ್ಕಿಂತ ಒಳ್ಳೇದು ಹಿಂದಿನ ದಿನವೇ ಫೋನ್ ಮಾಡಿ ಇಷ್ಟು ದುಡ್ಡು, ಇಂಥ ದೇಶಕ್ಕೆ, ನಾನೇ ಕಟ್ತಿರೋದು ಅಂತ ಹೇಳಿಡೋದು. ಅಡ್ರೆಸ್ ಮಾತ್ರ ಬ್ಯಾಂಕಲ್ಲಿ ಇರೋ ಹಾಗೇ, ಅಡ್ಡರಸ್ತೆ ನಂಬರ್ ಸಮೇತ. ಓಟಿಪಿ ವಿಚಾರಕ್ಕೆ ಬಂದ್ರೆ, ನಂಗೆ ಬಂತು, ಅಮೆರಿಕದ ಎಷ್ಟೋ ಸೈಟ್‌ಗಳಲ್ಲಿ ಕೇಳದೇನೇ ದುಡ್ಡು ಹೋಗಿಬಿಡುತ್ತೆ, ಗಾಬರಿ ಆಗ್ಬೇಡಿ.

ಇನ್ನು ಬ್ಯಾಂಕ್‌ನೋರ ಪಾಲು. ಬಹಳಷ್ಟು ಕಾರ್ಡ್‌ಗಳಲ್ಲಿ ಫಾರೆಕ್ಸ್ ಮಾರ್ಕಪ್ (ವಿದೇಶಿ ದುಡ್ಡನ್ನ ರೂಪಾಯಿಗೆ ಬದಲಾಯಿಸೋದಕ್ಕೆ ಬ್ಯಾಂಕ್ ಹಾಕೋ ಶುಲ್ಕ) 3.5%, ಅದರ ಮೇಲೆ 18% ಜಿಎಸ್‌ಟಿ. ನಮ್ 2 ಲಕ್ಷಕ್ಕೆ ಮಾರ್ಕಪ್ 7,000, ಜಿಎಸ್‌ಟಿ 1,260, ಒಟ್ಟು 8,260 ರೂಪಾಯಿ. 2% ಮಾರ್ಕಪ್ ಇರೋ ಕಾರ್ಡಾದ್ರೆ ಇದೇ ಲೆಕ್ಕ 4,720ಕ್ಕೆ ಇಳಿಯುತ್ತೆ, ಮಾರ್ಕಪ್ಪೇ ಇಲ್ಲದ ಕಾರ್ಡ್‌ಗಳೂ ಇವೆ. ಮನೇಲಿ ಯಾರ ಹತ್ರ ಯಾವ ಕಾರ್ಡ್ ಇದೆ ಅಂತ ಮೊದಲೇ ನೋಡ್ಕೊಳ್ಳಿ, ರಿವಾರ್ಡ್ ಪಾಯಿಂಟ್ ಆಸೆಗೆ ಬಿದ್ದು ಜಾಸ್ತಿ ಮಾರ್ಕಪ್ ಇರೋದನ್ನ ಉಜ್ಜಬೇಡಿ, ಪಾಯಿಂಟಲ್ಲಿ ಅಷ್ಟು ವಾಪಸ್ ಬರೋದು ಅಪರೂಪ.

ಕೊನೇ ಪುಟದಲ್ಲಿ ಒಂದು ಬಲೆ ಇರುತ್ತೆ. ನಿಮ್ ಕಾರ್ಡ್ ಭಾರತದ್ದು ಅಂತ ಗೊತ್ತಾದ ಕೂಡ್ಲೆ "ರೂಪಾಯಿಯಲ್ಲೇ ಕಟ್ತೀರಾ?" ಅಂತ ಕೇಳುತ್ತೆ, ಎಷ್ಟೋ ಸಲ ಮೊದಲೇ ಟಿಕ್ ಹಾಕಿರುತ್ತೆ. ನೋಡೋಕೆ ನಮ್ಮ ಒಳ್ಳೇದಕ್ಕೇ ಅನ್ಸುತ್ತೆ, ಆದ್ರೆ ಆ ರೇಟ್ ಹಾಕೋದು ಅಂಗಡಿ ಕಡೆಯವರು, ಅವರ ಲಾಭ ಅದರೊಳಗೇ ಕೂತಿರುತ್ತೆ. ಸಾಲದು ಅಂತ, ರೂಪಾಯೀಲಿ ಕಟ್ಟಿದ್ರೂ ಅಂಗಡಿ ಹೊರದೇಶದ್ದು ಅಂತ ಕೆಲವು ಬ್ಯಾಂಕ್‌ಗಳು ಬೇರೆ ಶುಲ್ಕ ಹಾಕ್ತವೆ. ಯೂರೋನೇ ಆರಿಸಿ. ಪೇಪಾಲ್ ಮೂಲಕ ಕಟ್ಟಿದ್ರೂ ಅಷ್ಟೇ, ಯಾವ ಕರೆನ್ಸಿ ಅಂತ ನೋಡಿ ಒತ್ತಿ. ಅಂದಾಜಿಗೆ ವೀಸಾ, ಮಾಸ್ಟರ್‌ಕಾರ್ಡ್ ಎರಡರ ಸೈಟಲ್ಲೂ ರೇಟ್ ಲೆಕ್ಕ ಹಾಕೋ ಪುಟ ಇದೆ, ಗೂಗಲ್ ತೋರಿಸೋ ರೇಟ್ ನಂಬ್ಕೊಂಡು ಕೂರಬೇಡಿ. ನಾನು ಮೂರು ಸಲ ನೋಡಿದಾಗ ಮೂರು ರೇಟ್ ಬಂತು, ನಂಗೆ ಬಿದ್ದಿದ್ದು ನಾಲ್ಕನೇದು, ಯಾಕಂದ್ರೆ ರೇಟ್ ಕೂರೋದು ನೀವು ಒತ್ತಿದ ದಿನಕ್ಕಲ್ಲ, ಅಂಗಡಿಯವರು ದುಡ್ಡು ಎಳ್ಕೊಂಡು ಅದು ನಿಮ್ ಕಾರ್ಡ್ ಲೆಕ್ಕಕ್ಕೆ ಸೇರೋ (ಪೋಸ್ಟ್ ಆಗೋ) ಹೊತ್ತಿಗೆ.

ಅದೇ ಕಾರಣಕ್ಕೆ ಸ್ಟೇಟ್‌ಮೆಂಟ್ ಡೇಟ್ ನೋಡಿ. ನಂದು ಪ್ರತಿ ತಿಂಗಳು 10ನೇ ತಾರೀಕು, ಹಾಗಾಗಿ 11 ದಾಟಿದ ಮೇಲೆ ಆರ್ಡರ್ ಕೊಟ್ರೆ ಬಿಲ್ ಮುಂದಿನ ತಿಂಗಳಿಗೆ ಹೋಗುತ್ತೆ, ಕಟ್ಟೋಕೆ ಹತ್ತತ್ರ 50 ದಿನ ಸಿಗುತ್ತೆ. ಆ ಗಡುವಿನೊಳಗೆ ಪೂರ್ತಿ ಕಟ್ಟೋಕೆ ಆಗುತ್ತಾ ಅಂತ ಒತ್ತೋ ಮುಂಚೆಯೇ ಪ್ರಾಮಾಣಿಕವಾಗಿ ಕೇಳ್ಕೊಳ್ಳಿ. ಮಿನಿಮಮ್ ಡ್ಯೂ (ಬಿಲ್ಲಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿ ಸುಮ್ನಾದ್ರೆ, ತಿಂಗಳಿಗೆ 3.5% ಬಡ್ಡಿ ಅಂತ ಹಿಡಿದ್ರೂ, ಅದಕ್ಕೂ 18% ಜಿಎಸ್‌ಟಿ, 2 ಲಕ್ಷಕ್ಕೆ ಮತ್ತೆ ಅದೇ 8,260, ಮಾರ್ಕಪ್ ಒಂದು ಸಲ ಹೋಗುತ್ತೆ, ಇದು ಪ್ರತಿ ತಿಂಗಳೂ ಹೋಗುತ್ತೆ. ಇಎಂಐ ಮಾಡ್ಕೊಳ್ಳೋಣ ಅನ್ನೋರು ವಿದೇಶಿ ವಹಿವಾಟಿಗೆ ಇಎಂಐ ಕೊಡ್ತಾರಾ ಅಂತ ಮೊದ್ಲು ಕೇಳಿ, ಎಲ್ಲಾ ಕಾರ್ಡ್‌ಗೂ ಸಿಗಲ್ಲ. ನಾವು ಹುಡುಗನ ಚೀಟಿ ದುಡ್ಡು ಕೈಗೆ ಬರೋ ತಿಂಗಳು ನೋಡ್ಕೊಂಡೇ ಆರ್ಡರ್ ಕೊಟ್ಟಿದ್ದು.

ಇಷ್ಟೆಲ್ಲಾ ಇದ್ರೂ ಕ್ರೆಡಿಟ್ ಕಾರ್ಡೇ ಯಾಕೆ ಅಂದ್ರೆ, ಮಾಲು ಬರ್ಲಿಲ್ಲ, ಒಡೆದು ಬಂತು ಅಂದ್ರೆ ಬ್ಯಾಂಕ್ ಮೂಲಕ ಚಾರ್ಜ್‌ಬ್ಯಾಕ್ (ಕಟ್ಟಿದ ದುಡ್ಡು ವಾಪಸ್) ಕೇಳಬಹುದು. ಅಂಗಡಿಯವನು ಕಾರ್ಡ್ ಬೇಡ, ಅಕೌಂಟಿಗೆ ಹಾಕಿ, ಐದು ಪರ್ಸೆಂಟ್ ಬಿಡ್ತೀನಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಆರ್ಡರ್ ಪುಟದ ಸ್ಕ್ರೀನ್‌ಶಾಟು, ಮೇಲುಗಳು, ಪೆಟ್ಟಿಗೆ ಬಿಚ್ಚೋ ವಿಡಿಯೋ ಎಲ್ಲಾ ಇಟ್ಕೊಳ್ಳಿ. ರಿಫಂಡ್ ಬಂದ್ರೂ ಅದು ಆ ದಿನದ ರೇಟಿಗೆ ಬರುತ್ತೆ, ಮಾರ್ಕಪ್ ಸಾಮಾನ್ಯವಾಗಿ ವಾಪಸ್ ಬರಲ್ಲ, ಅದಕ್ಕೇ ತರಿಸಿ ನೋಡೋಣ, ಬೇಡ ಅಂದ್ರೆ ಕಳ್ಸೋಣ ಅನ್ನೋ ಆಟ ಇಲ್ಲಿ ನಡೆಯಲ್ಲ.

ಕಸ್ಟಮ್ಸ್ ದುಡ್ಡು ಬೇರೆ ಎತ್ತಿಡಿ, ಇದನ್ನ ಮರೆತು ಒದ್ದಾಡೋರೇ ಜಾಸ್ತಿ. ಮಾಲಿನ ಬೆಲೆ, ಸಾಗಾಣಿಕೆ, ಇನ್ಶೂರೆನ್ಸ್ ಮೂರೂ ಕೂಡಿಸಿ ಅದರ ಮೇಲೆ ಸುಂಕ, ಸುಂಕದ ಮೇಲೆ ಸಾಮಾನ್ಯವಾಗಿ 10% ಸಮಾಜ ಕಲ್ಯಾಣ ಸರ್‌ಚಾರ್ಜ್, ಇದೆಲ್ಲಾ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ (ಹೊರಗಿಂದ ತರಿಸೋ ಮಾಲಿಗೆ ಬೀಳೋ ಜಿಎಸ್‌ಟಿ). ದರ ವಸ್ತುವಿಂದ ವಸ್ತುವಿಗೆ, ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತೆ, ನಾನಂತೂ ಯಾರು ಕೇಳಿದ್ರೂ ಬೆಲೆಯ ಅರ್ಧದಷ್ಟು ಕೈಲಿ ಇಟ್ಕೊಳ್ಳಿ, ಉಳಿದ್ರೆ ನಿಮ್ ಪುಣ್ಯ ಅಂತೀನಿ. ಕೊರಿಯರ್‌ನೋರು ಕೆವೈಸಿ ಕೇಳ್ತಾರೆ, ಆಧಾರ್ ಪ್ಯಾನ್ ರೆಡಿ ಇಟ್ಕೊಳ್ಳಿ, ಸುಂಕ ಕಟ್ಟೋ ಲಿಂಕ್ ಮೆಸೇಜಲ್ಲಿ ಬಂದ್ರೆ ಅದನ್ನ ಒತ್ತದೆ ಕೊರಿಯರ್ ಸೈಟಿಗೆ ನೀವೇ ಹೋಗಿ ಟ್ರ್ಯಾಕಿಂಗ್ ನಂಬರ್ ಹಾಕಿ ಕಟ್ಟಿ, ಇದೇ ಹೆಸರಲ್ಲಿ ಮೋಸ ಮಾಡೋರು ತುಂಬಾ ಇದಾರೆ. ಬೆಲೆ ಕಮ್ಮಿ ಬರೆಸೋದು, ಗಿಫ್ಟ್ ಅಂತ ಹಾಕ್ಸೋದು ಮಾಡಬೇಡಿ, ಸಿಕ್ಕಿಬಿದ್ರೆ ಪೆಟ್ಟಿಗೆ ಅಲ್ಲೇ ಕೂರುತ್ತೆ.

ಇಂಟರ್‌ನ್ಯಾಷನಲ್ ಸ್ವಿಚ್ ಆಫ್ ಮಾಡೋಕೆ ಆತುರ ಬೇಡ, ಅಂಗಡಿಯವರು ದುಡ್ಡು ಎಳ್ಕೊಂಡು ಮಾಲು ಹೊರಟ ಮೇಲೆ ಮಾಡಿ. ನಾನು ಆಫ್ ಮಾಡಿ ನಾಲ್ಕು ದಿನಕ್ಕೆ ಪುತ್ತೂರಿಂದ ಫೋನು, "ಮಾವ, ರೀಡ್ ಮುಗೀತು, ಅದೇ ಅಂಗಡೀಲಿ ಚೆನ್ನಾಗಿರೋದು ಇದೆ" ಅಂತ (ರೀಡ್ ಅಂದ್ರೆ ಸ್ಯಾಕ್ಸೋಫೋನ್ ಊದೋ ಬಾಯಿಗೆ ಕೂರಿಸೋ ತೆಳು ಪಟ್ಟಿ). ಮಂಗಳೂರಲ್ಲೇ ತಗೋ ಅಂದೆ.