ದೆವ್ವ ತೆಗೆದ ಮೇಲೆ ಬಂದ ಭಯ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಯಲಲ್ಲಿ ಒಂಟಿ ಹೆಂಗಸು ಜಮೀನು ಹಿಡಿದು ಬದುಕುವ ಭಯದ ಕಾದಂಬರಿ ಬರೆಯುತ್ತೇನೆ ಅಂದಾಗ ಬರೆಯುವ ಗೆಳೆಯರೆಲ್ಲ ಕೇಳಿದ್ದು ಒಂದೇ: ‘ಕನ್ನಡದಲ್ಲಿ ಇದನ್ನ ಯಾರು ಓದ್ತಾರೆ?’ 500 ಪ್ರತಿ ಹಾಕಿಸಿದೆ. ಈಗ ಮನೆಯಲ್ಲಿ ಮೂವತ್ತೋ ನಲವತ್ತೋ ಉಳಿದಿವೆ. ಅದಕ್ಕೇ ಆ ಕಾದಂಬರಿ ಹೇಗಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲ ಎರಡು ಕರಡು ದಂಡವಾದವು. ಮೊದಲನೆಯದರಲ್ಲಿ ದೆವ್ವ ಇತ್ತು, ಅದೂ ಅಲ್ಲಿನ ಮೂಲನಿವಾಸಿಗಳಾದ ಪಾನೀ ಬುಡಕಟ್ಟಿನವರ ದೆವ್ವ. ಸುಮಾರು 300 ಪುಟ ಆದ ಮೇಲೆ ನನಗೇ ಬೇಸರವಾಯಿತು. 1870ರ ದಶಕದಲ್ಲಿ ನೆಲ ಕಳೆದುಕೊಂಡು ನೆಬ್ರಾಸ್ಕಾ ಬಿಟ್ಟವರು ಅವರು. ಅವರನ್ನೇ ಭೂತ ಮಾಡಿ ಓದುಗರನ್ನು ಹೆದರಿಸುವುದು ಅನ್ಯಾಯ ಅಲ್ವಾ? ಪೂರ್ತಿ ತೆಗೆದೆ. ಎರಡನೆಯದರಲ್ಲಿ, ಉಳುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆ, 160 ಎಕರೆ, ಅಧ್ಯಕ್ಷ ಲಿಂಕನ್ ಸಹಿ ಎಲ್ಲ ತುಂಬಿದ್ದೆ. ಅಕ್ಕ ಓದುತ್ತಾ ಓದುತ್ತಾ ನಿದ್ದೆ ಹೋದಳು.

ದಾರಿ ಸಿಕ್ಕಿದ್ದು ಒಂದು ಸರ್ಕಾರಿ ನಮೂನೆಯಲ್ಲಿ. ಆ ಕಾಯ್ದೆಯಡಿ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರು ಪಟ್ಟಾ ಬೇಕಾದರೆ ಹೇಳಿಕೆ ಕೊಡಬೇಕಿತ್ತು. ಮನೆ ಎಂಥದ್ದು, ಎಷ್ಟು ಎಕರೆ ಉತ್ತಿದ್ದೀರಿ, ಯಾವಾಗ ಜಮೀನು ಬಿಟ್ಟು ಹೋಗಿದ್ದಿರಿ, ಯಾಕೆ? ಜೊತೆಗೆ ಇಬ್ಬರು ಸಾಕ್ಷಿ. ಗಂಡನ ಜೊತೆಗಿರುವವಳಿಗೆ ಸಾಮಾನ್ಯವಾಗಿ ಸ್ವಂತ ಹೆಸರಲ್ಲಿ ಜಮೀನು ಸಿಗುತ್ತಿರಲಿಲ್ಲ. ವಿಧವೆಗೆ ಸಿಗುತ್ತಿತ್ತು. ನನ್ನ ನಾಯಕಿ ಗಂಡ ಸತ್ತ ಅಂತ ಬರೆಸಿದ್ದಾಳೆ. ನಿಜವಾಗಿ ಸತ್ತಿದ್ದಾನಾ? ಕಾದಂಬರಿ ಅಷ್ಟೇ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಪ್ರಶ್ನೆ. ಗುಮಾಸ್ತನಿಗೆ ಅವಳು ಒಂದು ಸಾಲಿನ ಉತ್ತರ ಕೊಡುತ್ತಾಳೆ. ಆಮೇಲೆ ನಡೆದದ್ದು ಬರುತ್ತದೆ.

ಇನ್ನೊಂದು ನಿಯಮ ಹಾಕಿಕೊಂಡೆ. ಪ್ರತಿ ಭಯಕ್ಕೂ ಒಂದು ಖರ್ಚು ಅಂಟಿರಬೇಕು. ಅಲ್ಲಿ ಮರ ಕಡಿಮೆ. ಹುಲ್ಲುನೆಲವನ್ನೇ ಬೇರುಸಮೇತ ಇಟ್ಟಿಗೆ ಹಾಗೆ ಕತ್ತರಿಸಿ ಗೋಡೆ ಕಟ್ಟುತ್ತಿದ್ದರು. ಸೂರಿನಿಂದ ಮಣ್ಣು, ಒಮ್ಮೊಮ್ಮೆ ಹಾವು ಬೀಳುತ್ತದೆ ಅಂತ ಕೆಳಗೆ ಮಸ್ಲಿನ್ ಬಟ್ಟೆ ಕಟ್ಟುತ್ತಿದ್ದರು. ನನ್ನ ಕಥೆಯಲ್ಲಿ ರಾತ್ರಿ ಆ ಬಟ್ಟೆ ಮೂಲೆಯಲ್ಲಿ ಜೋತುಬೀಳುತ್ತದೆ. ಜೋಲು ನಿಧಾನವಾಗಿ ಹಾಸಿಗೆಯ ಕಡೆ ಬರುತ್ತದೆ. ಅವಳು ಮಲಗಿದಲ್ಲೇ ನೋಡುತ್ತಾಳೆ. ದೀಪ ಹಚ್ಚುವುದಿಲ್ಲ. ಸೀಮೆಎಣ್ಣೆ ಉಳಿದಿರುವುದು ಒಂದು ಬೆರಳಿನಷ್ಟು. ಈ ಒಂದು ಪುಟಕ್ಕೆ ಬಂದಷ್ಟು ಫೋನ್ ನನ್ನ ಬೇರೆ ಯಾವ ಬರಹಕ್ಕೂ ಬಂದಿಲ್ಲ.

ಹಗ್ಗದ ಅಧ್ಯಾಯಕ್ಕೆ ಜಾಸ್ತಿ ಒದ್ದಾಡಿದೆ. 1888ರ ಜನವರಿ 12ರ ಹಿಮಗಾಳಿಯಲ್ಲಿ 235ರಷ್ಟು ಜನ ಸತ್ತರು ಅಂತ ಅಂದಾಜು. ಸ್ವಲ್ಪ ಬೆಚ್ಚಗಿದ್ದ ದಿನ ಒಮ್ಮೆಲೇ ಹಾಗಾಯಿತು. ಅಂಥ ಗಾಳಿಯಲ್ಲಿ ದಾರಿ ತಪ್ಪದಿರಲೆಂದು ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದರು. ಬರೆದದ್ದೆಲ್ಲ ಪೇಲವ ಅನಿಸಿತು. ಕೊನೆಗೆ ಊರಿನ ಮನೆಯಲ್ಲಿ ಹಾಗೇ ಹಗ್ಗ ಕಟ್ಟಿ, ಕಣ್ಣಿಗೆ ಬಟ್ಟೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದೆ. ನಲವತ್ತು ಹೆಜ್ಜೆ ಇರಬಹುದು. ಅರ್ಧ ದಾರಿಯಲ್ಲಿ ಆ ಕಡೆಯಿಂದ ಹಗ್ಗ ಅಲುಗಿತು. ಎಮ್ಮೆ ಮೈ ಉಜ್ಜಿತ್ತು. ಎದೆ ಬಾಯಿಗೆ ಬಂತು. ಅಲ್ಲೇ ಅಧ್ಯಾಯ ಸಿಕ್ಕಿತು.

ಮಾತಿಗೂ ಒದ್ದಾಡಿದೆ. ಅಲ್ಲಿ ಸೌದೆಯಿಲ್ಲದೆ ಬಯಲಲ್ಲಿ ಒಣಗಿದ ಬೈಸನ್ (ಅಮೆರಿಕದ ಕಾಡುಕೋಣ) ಸಗಣಿ ಆಯ್ದು ಉರಿಸುತ್ತಿದ್ದರು. ಬೆರಣಿ ಅಂತ ಬರೆದಿದ್ದೆ. ಅಮ್ಮ ತಿದ್ದಿದರು: ‘ಬೆರಣಿ ಕೈಲಿ ತಟ್ಟೋದು. ಬಿದ್ದಲ್ಲೇ ಒಣಗಿದ್ದು ಅಡವಿಕುಳ್ಳು.’ ಆ ಒಂದು ಪದದಿಂದ ಅಡುಗೆಮನೆ ಭಾಗ ಪೂರ್ತಿ ನಮ್ಮದಾಯಿತು.

ನಡುವೆ ಮಿಡತೆ ದಂಡಿನ ಮೇಲೂ ಒಂದು ಸಣ್ಣಕಥೆ ಬರೆದು ನೋಡಿದೆ. 1874ರಲ್ಲಿ ಅವು ಪೈರು ಮುಗಿಸಿ ಬಟ್ಟೆಬರೆ, ಸಲಕರಣೆಯ ಹಿಡಿಯನ್ನೂ ಕಡಿದಿದ್ದವು. ಕಥೆ ಕೂರಲಿಲ್ಲ. ಬರೀ ಗದ್ದಲ, ಏನಾಗುತ್ತೋ ಅಂತ ಹೆದರಿ ಕಾಯುವುದೇ ಇಲ್ಲ.

ದುಡ್ಡಿನ ಮಾತು. ಓದಲು ತರಿಸಿದ ಪುಸ್ತಕ, ಅಂಚೆಗೆ ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಅರ್ಧ ಸುಮ್ನೆ ಖರ್ಚು. ಅಮೆರಿಕದ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಆ ಕಾಲದ ಊರ ಪತ್ರಿಕೆಗಳು ಅಂತರ್ಜಾಲದಲ್ಲೇ ಪುಕ್ಕಟೆ ಸಿಗುತ್ತವೆ ಅಂತ ತಡವಾಗಿ ಗೊತ್ತಾಯಿತು. ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಒಂದೂವರೆ ವರ್ಷ ಇಟ್ಟುಕೊಂಡು, ದೆವ್ವ ಸೇರಿಸಿ ಅಂದರು. ವಾಪಸ್ ತಂದು ನಾನೇ ಹಾಕಿದೆ. ಅಚ್ಚಿಗೆ ಎಪ್ಪತ್ತು ಸಾವಿರ ಚಿಲ್ಲರೆ. ಅಚ್ಚಿನ ಹಣ ಹತ್ತು ತಿಂಗಳಲ್ಲಿ ಬಂತು.

ಎರಡನೇ ಸಾಕ್ಷಿ ಯಾರು ಅಂತ ಕೊನೆಯ ಪುಟದವರೆಗೂ ಯಾರಿಗೂ ಗೊತ್ತಾಗಿಲ್ಲ. ಅವನು ಮೂರನೇ ಅಧ್ಯಾಯದಿಂದಲೇ ಅಲ್ಲಿದ್ದಾನೆ. ಹೇಗೆ ಮುಚ್ಚಿಟ್ಟೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಪುಸ್ತಕಕ್ಕೂ ಅದು ಬೇಕು.