ಹೊಳೆ ಎಡಕ್ಕಿರಬೇಕು: ಕಾವೇರಿ ದಡದಲ್ಲಿ ಕ್ಯಾರವಾನ್ ಜೊತೆ ಒಂದು ದಿನ

ಮೂರು ಸಲ ಸೋತು ನಾಲ್ಕನೇ ಸಲ ಗೆದ್ದೆ. ಶಿವನಸಮುದ್ರದಿಂದ ಶ್ರೀರಂಗಪಟ್ಟಣದವರೆಗೆ, ಕಾವೇರಿಯ ಎಡದಂಡೆ (ಹರಿವಿನ ಕಡೆ ಮುಖ ಮಾಡಿ ನಿಂತರೆ ಎಡಕ್ಕೆ ಬರುವ ದಡ) ಹಿಡಿದು, ಅಡುಗೆಗೂ ಮಲಗುವುದಕ್ಕೂ ಒಳಗೇ ಜಾಗ ಮಾಡಿ ಕ್ಯಾರವಾನ್ ಮಾಡಿಕೊಂಡ ನನ್ನ ಟೆಂಪೋ ಟ್ರಾವೆಲರ್ ಒಂದೇ ಹಗಲಲ್ಲಿ ಬಂತು. ತಿಂಡಿ, ಅಡುಗೆ, ಮಧ್ಯಾಹ್ನದ ನಿದ್ದೆ, ಎಲ್ಲ ಹೊಳೆ ನೋಡಿಕೊಂಡೇ ಆಯಿತು. 'ಆ ರಸ್ತೇಲಿ ಅಷ್ಟುದ್ದದ ಗಾಡಿ ತಿರುಗಲ್ಲ, ತಿರುಗಿದರೂ ಹೊಳೆ ಕಾಣಲ್ಲ' ಅಂದವರಿಗೆಲ್ಲ ಫೋಟೋ ಕಳಿಸಿದ್ದೇನೆ. ಇಬ್ಬರು ಈಗ ನನ್ನ ಹತ್ತಿರ ದಾರಿ ಕೇಳುತ್ತಿದ್ದಾರೆ.

ಎಲ್ಲರೂ ಮೈಸೂರು ಕಡೆಯಿಂದ ಹೊರಟು ಹೊಳೆಯ ಜೊತೆ ಕೆಳಕ್ಕೆ ಹೋಗುತ್ತಾರೆ. ನಾನೂ ಮೊದಲ ಸಲ ಹಾಗೇ ಹೋದೆ, ಅಲ್ಲೇ ಎಡವಿದ್ದು. ನಮ್ಮ ಗಾಡಿಗಳ ದೊಡ್ಡ ಬಾಗಿಲು ಇರೋದು ಎಡಕ್ಕೆ ಅಲ್ವಾ? ಎಡದಂಡೆಯ ಮೇಲೆ ಕೆಳಮುಖವಾಗಿ ಹೋದರೆ ಹೊಳೆ ಬಲಕ್ಕೆ ಬೀಳುತ್ತದೆ. ಎಲ್ಲಿ ನಿಲ್ಲಿಸಿದರೂ ಬಾಗಿಲು ತೆರೆದರೆ ಗದ್ದೆ, ಒಲೆ ಪಕ್ಕದ ಕಿಟಕಿ ತೆರೆದರೆ ರಸ್ತೆಯ ಧೂಳು. ಇಡೀ ದಿನ ಹೊಳೆಗೆ ಬೆನ್ನು ಹಾಕಿ ಕೂತ ಹಾಗಾಯಿತು. ಅದೇ ರಸ್ತೆಯಲ್ಲಿ ಹರಿವಿಗೆ ಎದುರಾಗಿ ಬಂದರೆ ಹೊಳೆ ಪೂರ್ತಿ ಎಡಕ್ಕೆ. ಜೊತೆಗೆ ಪಶ್ಚಿಮಕ್ಕೆ ಹೋಗುವುದರಿಂದ ಬೆಳಗಿನ ಬಿಸಿಲು ಬೆನ್ನಿಗೆ. ಎರಡು ಗಂಟೆ ಮೇಲೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಅದಕ್ಕೇ ಜಾಸ್ತಿ ಓಡಿಸುವುದನ್ನೆಲ್ಲ ಅಷ್ಟರೊಳಗೆ ಮುಗಿಸಬೇಕು.

ಎರಡನೇ ಸೋಲು ತಲಕಾಡಿನದು. ಮರಳಿನ ಗುಣ ಗೊತ್ತಿದ್ದೂ ಇನ್ನೂ ಹತ್ತಡಿ ಮುಂದೆ ಹೋಗೋಣ ಅಂತ ಹೋದೆ. ಹಿಂದಿನ ಚಕ್ರ ಆಕ್ಸಲ್‌ವರೆಗೆ ಹೂತಿತು. ಟಯರ್ ಗಾಳಿ ಇಳಿಸಿದೆ, ಸಾಲಲಿಲ್ಲ. ಟ್ರ್ಯಾಕ್ಟರ್‌ನವರಿಗೆ 1,500 ರೂಪಾಯಿ. ಎಳೆಯುವಾಗ ಕಿತ್ತುಹೋದ ಬಚ್ಚಲು ಪೈಪ್ ಮತ್ತು ವಾಲ್ವ್‌ಗೆ ಇನ್ನೊಂದು ಎರಡು ಸಾವಿರ ಚಿಲ್ಲರೆ. ಈಗ ಮರಳು ಕಂಡರೆ ಗಟ್ಟಿ ನೆಲದಲ್ಲೇ ನಿಲ್ಲಿಸಿ ನಡೆಯುತ್ತೇನೆ. ಹೂತ ಚಕ್ರದ ಕೆಳಗೆ ಏನು ಹಾಕಿದರೆ ಗಾಡಿ ತಾನೇ ಮೇಲೆ ಬರುತ್ತದೆ ಅನ್ನುವುದನ್ನೂ ಆಮೇಲೆ ಕಂಡುಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೆಯದು ಬ್ಯಾಟರಿ. ಹಳೆಯ ಲೆಡ್ ಆಸಿಡ್ ಎರಡನ್ನು ಜೋಡಿಸಿದ್ದೆ. ಮಧ್ಯಾಹ್ನಕ್ಕೆ ಫ್ರಿಜ್ ನಿಂತಿತು, ಹಾಲು ಒಡೆಯಿತು, ಮನೆಯವರ ಮುಖ ಬಾಡಿತು. ಗಾಡಿಗೇ ಆರೂವರೆ ಲಕ್ಷ, ಒಳಗಿನ ಕೆಲಸಕ್ಕೆ ನಾಲ್ಕು ಲಕ್ಷದ ಹತ್ತಿರ ಸುರಿದು ಬ್ಯಾಟರಿಯಲ್ಲಿ ಉಳಿಸಲು ಹೋದದ್ದು ತಪ್ಪು. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ, ನೆನಪಿರುವ ಹಾಗೆ 28 ಸಾವಿರ. ಚಾವಣಿ ಮೇಲೆ ಸುಮಾರು 330 ವ್ಯಾಟ್ ಸೋಲಾರ್. ಅಲ್ಲಿಂದ ಕರೆಂಟಿನ ಚಿಂತೆ ಬಿಟ್ಟಿದ್ದೇನೆ.

ಒಂದು ಬೇಸಿಗೆಯಲ್ಲಿ ಗಾಡಿ ತಂಪು ಮಾಡಲು ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪ್ಯಾನೆಲ್ ಇಲ್ಲದ ಕಡೆ ಚಾವಣಿಗೆ ಗೋಣಿಚೀಲ ಹಾಸಿ ನೀರು ಚಿಮುಕಿಸಿದೆ. ಒಳಗೆ 38 ಡಿಗ್ರಿ ಇದ್ದದ್ದು ಮುಕ್ಕಾಲು ಗಂಟೆಯಲ್ಲಿ 34ಕ್ಕೆ ಇಳಿಯಿತು. ಆದರೆ ಗಂಟೆಗೆ ಐದಾರು ಲೀಟರ್ ನೀರು ಬೇಕು. 60 ಲೀಟರ್ ಟ್ಯಾಂಕ್ ಇಟ್ಟುಕೊಂಡು ಅದು ಆಗದ ಮಾತು, ಬಿಟ್ಟೆ.

ಗೆದ್ದ ದಿನ ಡಿಸೆಂಬರ್ ಮೊದಲ ವಾರ. ಹಿಂದಿನ ರಾತ್ರಿ ಮಳವಳ್ಳಿ ಕಡೆ ಗೆಳೆಯರ ತೋಟದಲ್ಲಿ ಮಲಗಿದ್ದೆವು. ಬೆಳಗ್ಗೆ ಗಗನಚುಕ್ಕಿಯ ಎದುರು ಕಾಫಿ. ಮಳೆಗಾಲದ ಅಬ್ಬರ ಇರಲಿಲ್ಲ, ಕಪ್ಪು ಬಂಡೆಗಳ ಮೇಲೆ ಬಿಳಿ ಎಳೆಗಳು, ಅಷ್ಟೇ. ಕೆಳಗಿನ ವಿದ್ಯುತ್ ಮನೆಯನ್ನು ಮಗನಿಗೆ ತೋರಿಸಿದೆ. 1902ರಲ್ಲಿ ಇಲ್ಲಿಂದ ಹೊರಟ ಕರೆಂಟ್ ಕೋಲಾರದ ಚಿನ್ನದ ಗಣಿ ಮುಟ್ಟಿತು, ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರು. ಚಾವಣಿ ಮೇಲಿನ ಕರೆಂಟಿಗೇ ಇಷ್ಟು ಒದ್ದಾಡಿದ ನನಗೆ ಆ ಕೆಲಸ ನೋಡಿದರೆ ಮೈ ಜುಮ್ ಅನ್ನುತ್ತದೆ.

ಬೆಳಕವಾಡಿ ದಾಟಿ ತಲಕಾಡು, ಅಲ್ಲಿಂದ ಮುಡುಕುತೊರೆ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದರೆ ನಾವೇ ಮೊದಲು ನಿಲ್ಲಬೇಕು. ಅವರು ಹಿಂದಕ್ಕೆ ಹೋಗಲಾರರು. ಸೋಮನಾಥಪುರದಲ್ಲಿ ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಹದಿಮೂರನೇ ಶತಮಾನದ ಆ ಹೊಯ್ಸಳ ಗುಡಿಯ ಹೊರಗೋಡೆ ಸುತ್ತುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು, ಬೇಸರವಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸುಗ್ಗಿಯಲ್ಲಿ ಈ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಸುಮ್ನೆ ಅದರ ಮೇಲೆ ಹೋಗಬೇಡಿ. ಹುರುಳಿ ಸೊಪ್ಪೆ ಗಾಡಿಯ ಕೆಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ನನಗೆ ಸುಟ್ಟ ವಾಸನೆ ಬಂತು. ಇಳಿದು ಬಗ್ಗಿ ನೋಡಿದರೆ ಸೈಲೆನ್ಸರ್ ಪಕ್ಕದ ಎಳೆಗಳು ಕಂದಾಗಿ ಹೊಗೆಯಾಡುತ್ತಿದ್ದವು. ಒಳಗೆ ಗ್ಯಾಸ್ ಸಿಲಿಂಡರ್ ಇದೆ! ಕುಡುಗೋಲಿನಿಂದ ಕೊಯ್ದು ತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಈಗ ಕುಡುಗೋಲು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ.

ಊಟಕ್ಕೆ ನಿಲ್ಲಿಸಿದ್ದು ಸೋಮನಾಥಪುರಕ್ಕೂ ಬನ್ನೂರಿಗೂ ನಡುವೆ, ಹೊಳೆಗೆ ಇಳಿಯುವ ಒಂದು ದಾರಿಯಲ್ಲಿ. ಜಾಗ ಇನ್ನೂ ಚೊಕ್ಕಟವಾಗಿದೆ, ಹೆಸರು ಹೇಳುವುದಿಲ್ಲ. ಕೇಳಿ ಒಪ್ಪಿಗೆ ಪಡೆದೇ ನಿಲ್ಲಿಸಿದೆವು. ಬಾಗಿಲು ತೆರೆದರೆ ಹತ್ತು ಮಾರು ದೂರದಲ್ಲಿ ನೀರು. ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ನೀರಿನ ಮೇಲೆ ಗಾಳಿಯಲ್ಲೇ ನಿಂತಿತ್ತು. ರೆಕ್ಕೆ ಬಡಿಯುತ್ತಿದ್ದರೂ ತಲೆ ಅಲ್ಲಾಡಲಿಲ್ಲ. ಹಾಗೇ ಕಲ್ಲಿನಂತೆ ಬಿತ್ತು, ಎದ್ದಾಗ ಕೊಕ್ಕಿನಲ್ಲಿ ಬೆಳ್ಳಗೆ ಮಿನುಗುವ ಮೀನು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಮನೆಯಾಕೆ ಸೌಟು ಹಿಡಿದೇ ನಿಂತುಬಿಟ್ಟಳು. ಹೊಳೆ ಬಲಕ್ಕೆ ಬಿದ್ದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಅರಕೆರೆ ಮೇಲೆ ಶ್ರೀರಂಗಪಟ್ಟಣ ತಲುಪಿದಾಗ ಮೂರೂವರೆ. ಒಟ್ಟು 90-95 ಕಿಲೋಮೀಟರ್. ಡೀಸೆಲ್ ಹತ್ತು ಲೀಟರ್ ಒಳಗೆ, ಸಾವಿರ ರೂಪಾಯಿ ದಾಟಲಿಲ್ಲ. ಬ್ಯಾಟರಿ ಇನ್ನೂ ಮುಕ್ಕಾಲು ಭಾಗ ಇತ್ತು. ಬಚ್ಚಲು ಟ್ಯಾಂಕಿನ ನೀರು ಒಂದು ಹನಿಯನ್ನೂ ಹೊಳೆಗೆ ಬಿಡಲಿಲ್ಲ. ಪಾತ್ರೆಗೆ ಆವತ್ತು ಸೀಗೆಪುಡಿ ಮಾತ್ರ ಬಳಸಿದ್ದೆವು. ಮೂವತ್ತು ಲೀಟರ್ ಚಿಲ್ಲರೆ ಮನೆಗೆ ತಂದು ತೆಂಗಿನ ಬುಡಕ್ಕೆ ಬಿಟ್ಟೆ.